ಊಟಕ್ಕೆ ಮುಂಚೆ ಅಂದರೆ ಯಾವಾಗ? ಮಳಖೇಡದಿಂದ ಉಸ್ಮಾನಿಯಾವರೆಗೆ ಒಂದು ಹಳೆಯ ಪ್ರಶ್ನೆ

ಈ ಸಲದ ಮಾತಿಗೆ ಕಾರಣ ನಾನೇ ಮಾಡಿದ ಒಂದು ತಪ್ಪು. ಅದನ್ನ ಮೊದಲು ಹೇಳಿಬಿಡ್ತೀನಿ, ಆಮೇಲೆ ಇತಿಹಾಸಕ್ಕೆ ಹೋಗೋಣ.

ಎರಡು ವರ್ಷದ ಹಿಂದೆ ಅಪ್ಪನಿಗೆ ಶುಗರ್ ಇದೆ ಅಂತ ಗೊತ್ತಾಯ್ತು. ಸೇಡಂ ಹತ್ತಿರದ ನಮ್ಮ ಹಳ್ಳಿಯಿಂದ ಹೈದರಾಬಾದಿಗೆ ಕರೆಸಿಕೊಂಡು ಒಂದು ಆಸ್ಪತ್ರೆಯಲ್ಲಿ ತೋರಿಸಿದೆ. ಡಾಕ್ಟರು ತೆಲುಗು, ಇಂಗ್ಲಿಷ್ ಬೆರೆಸಿ ಹೇಳಿದರು. ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಪ್ಪ ಊರಿಗೆ ಹೊರಟಾಗ ನಾನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ: ಈ ಮಾತ್ರೆ ದಿನಕ್ಕೊಂದು, ಊಟಕ್ಕೆ ಮುಂಚೆ. ಒಳ್ಳೇ ಮಗನ ಕೆಲಸ ಮುಗೀತು ಅಂದುಕೊಂಡೆ.

ಶ್ರಾವಣ ಬಂತು. ಸೋಮವಾರ ಅಪ್ಪಂದು ಒಪ್ಪತ್ತು, ಸಂಜೆ ಒಂದೇ ಊಟ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಮಾತ್ರೆ ನುಂಗಿದ್ದಾರೆ. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಅಮ್ಮ ಗಾಬರಿಯಲ್ಲೂ ಸಕ್ಕರೆ ನೀರು ಕುಡಿಸಿದ್ದರಿಂದ ಬಚಾವ್. ಆ ಜಾತಿಯ ಮಾತ್ರೆ ತಗೊಂಡು ಹೊಟ್ಟೆಗೆ ಏನೂ ಹಾಕದಿದ್ದರೆ ರಕ್ತದ ಸಕ್ಕರೆ ತೀರಾ ಕೆಳಗೆ ಇಳಿದುಬಿಡುತ್ತೆ. ಫೋನಲ್ಲಿ ನಾನು ಸಿಟ್ಟು ಮಾಡಿದರೆ ಅಪ್ಪ ಹೇಳಿದ್ದು ಇಷ್ಟೇ: "ನೀನೇ ಬರ್ದೀದಿ ಅಲ್ಲೇನಪಾ, ಊಟಕ್ಕ ಮುಂಚೆ ಅಂತ. ಊಟ ಸಂಜಿಗಿ ಅದ. ಅದಕ್ಕಿಂತ ಮುಂಚೆನೇ ಗುಳಿಗಿ ತಗೊಂಡೀನಿ."

ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಹಾಳೆಯಲ್ಲಿ ಕಾಗುಣಿತ ಸರಿ ಇತ್ತು, ವ್ಯಾಕರಣ ಸರಿ ಇತ್ತು, ಭಾಷೆಯೂ ಅವರದ್ದೇ. ಓದುವವರು ಯಾರು, ಅವರ ದಿನ ಹೇಗೆ ನಡೆಯುತ್ತೆ ಅನ್ನೋದನ್ನ ಮಾತ್ರ ನಾನು ಯೋಚಿಸಿರಲಿಲ್ಲ.

ಹೀಗೆ ಯೋಚಿಸೋದನ್ನ ಕಲಿಸುವ ವಿದ್ಯೆಗೆ ಇಂಗ್ಲಿಷಿನಲ್ಲಿ ರೆಟರಿಕ್ ಅಂತಾರೆ. ನಮ್ಮಲ್ಲಿ ಆ ಪದ ಕೇಳಿದರೆ ರಾಜಕಾರಣಿಗಳ ಭಾಷಣ ನೆನಪಾಗುತ್ತೆ. ಆದರೆ ಅದರ ಮೂಲ ಪ್ರಶ್ನೆ ಸರಳ: ಯಾರಿಗೆ, ಯಾವ ಹೊತ್ತಲ್ಲಿ, ಹೇಗೆ ಹೇಳಿದರೆ ಮಾತು ಮುಟ್ಟುತ್ತೆ? ಇವತ್ತು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರೆಟರಿಕ್, ಬರವಣಿಗೆಯ ಬೋಧನೆ, ಆರೋಗ್ಯ ಸಂವಹನ ಮೂರನ್ನೂ ಒಟ್ಟಿಗೆ ಅಧ್ಯಯನ ಮಾಡುವ ವಿದ್ವಾಂಸರಿದ್ದಾರೆ. ನಮಗೆ ಇದು ಹೊಸದಾ? ನೋಡೋಣ.

ಮೊದಲ ಪುಸ್ತಕವೇ ಬರೆಯೋದು ಹೇಗೆ ಅನ್ನೋದು

ಲಿಂಗಂಪಲ್ಲಿಯಲ್ಲಿ ಕಲಬುರಗಿ ಕಡೆಯ ರೈಲು ಹತ್ತಿದರೆ ವಿಕಾರಾಬಾದ್, ತಾಂಡೂರು, ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಅನ್ನೋ ಸಣ್ಣ ಸ್ಟೇಷನ್ ಬರುತ್ತೆ. ನಮ್ಮಲ್ಲಿ ಎಷ್ಟೋ ಜನ ಅಲ್ಲಿ ಫೋನ್ ನೋಡ್ತಾ ಕೂತಿರ್ತೀವಿ. ಕಾಗಿಣಾ ನದಿಯ ದಂಡೆಯ ಈ ಊರೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಕಾಚಿಗುಡದ ಕನ್ನಡ ಶಾಲೆಗೆ ನೃಪತುಂಗನ ಹೆಸರಿಟ್ಟಿರೋದೂ ಸುಮ್ಮನೆ ಅಲ್ಲ.

ಆ ಮೊದಲ ಗ್ರಂಥ ಕಥೆಯಲ್ಲ, ಪುರಾಣವೂ ಅಲ್ಲ. ಬರೆಯೋದು ಹೇಗೆ ಅಂತ ಹೇಳಿಕೊಡುವ ಪುಸ್ತಕ. ದಂಡಿಯ ಸಂಸ್ಕೃತ 'ಕಾವ್ಯಾದರ್ಶ'ವನ್ನ ಬಹಳಷ್ಟು ಅನುಸರಿಸುತ್ತೆ, ಆದರೆ ಕನ್ನಡದ ತೊಡಕುಗಳಿಗೆ ಕನ್ನಡದ್ದೇ ಉತ್ತರ ಹುಡುಕುತ್ತೆ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ವಿಷಯವೇ ದೋಷಗಳು: ಯಾವುದು ತಪ್ಪು, ಯಾವುದು ತಪ್ಪಲ್ಲ. ಕೋಡ್ ರಿವ್ಯೂ ಮಾಡಿದವರಿಗೆ ಈ ಕ್ರಮ ತುಂಬಾ ಪರಿಚಿತ ಅನ್ನಿಸುತ್ತೆ.

ಅದರಲ್ಲಿ ಎರಡು ವಿಷಯ ನನಗೆ ಬಹಳ ಮುಖ್ಯ. ಒಂದು, ಸಂಸ್ಕೃತ ಮತ್ತು ಕನ್ನಡ ಪದಗಳನ್ನ ಹೊಂದಿಕೆ ನೋಡದೆ ಬೆಸೆದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಅನ್ನುತ್ತಾನೆ. ಇನ್ನೊಂದು, ಅವನು 'ಕನ್ನಡಂಗಳ್' ಅಂತ ಬಹುವಚನ ಬಳಸ್ತಾನೆ. ಸೀಮೆ ಸೀಮೆಗೂ ಕನ್ನಡ ಬೇರೆ. ಅವುಗಳ ದೋಷ ಇಷ್ಟೇ ಅಂತ ಎಣಿಸಿ ಹೇಳೋಕೆ ಹೋದರೆ ಸಾವಿರ ಹೆಡೆಯ ವಾಸುಕಿಗೂ ಬೇಸರ ಬಂದೀತು ಅನ್ನೋ ಭಾವ. ನನ್ನ 'ಊಟ' ಮತ್ತು ಅಪ್ಪನ 'ಊಟ' ಬೇರೆ ಬೇರೆ ಕನ್ನಡದವು. ಸಾವಿರದ ನೂರಕ್ಕೂ ಹೆಚ್ಚು ವರ್ಷ ಹಿಂದೆ, ನಮ್ಮ ಊರಿನ ಪಕ್ಕದಲ್ಲೇ ಒಬ್ಬ ಇದನ್ನ ಬರೆದಿಟ್ಟಿದ್ದ.

ಪಂಡಿತರಿಂದ ದನದ ಕೊಟ್ಟಿಗೆಗೆ

ಬರೆಯುವ ವಿದ್ಯೆ ಕಾವ್ಯದಲ್ಲೇ ನಿಲ್ಲಲಿಲ್ಲ. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ 'ಲೋಕೋಪಕಾರ' ಬರೆದ. ಅಡುಗೆ, ಬಾವಿಯ ನೀರು, ಔಷಧ ಎಲ್ಲ ಅದರಲ್ಲಿವೆ. 12ನೇ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 'ಗೋವೈದ್ಯ' ಬರೆದ. ಆರನೇ ವಿಕ್ರಮಾದಿತ್ಯನ ತಮ್ಮ ಕೂತು ದನಗಳ ರೋಗದ ಬಗ್ಗೆ ಕನ್ನಡದಲ್ಲಿ ಬರೆದ ಅನ್ನೋದನ್ನ ಸ್ವಲ್ಪ ಯೋಚಿಸಿ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ 'ಕಲ್ಯಾಣಕಾರಕ'ವನ್ನ ಕನ್ನಡಕ್ಕೆ ತಂದ. 14ನೇ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ' ಬರೆದ, ವಿಷ ಮತ್ತು ಅದರ ಚಿಕಿತ್ಸೆ ಕುರಿತು, ಪದ್ಯದಲ್ಲಿ.

ವೈದ್ಯದ ಪುಸ್ತಕಕ್ಕೆ ಪದ್ಯ ಯಾಕೆ? ಹಾವು ಕಚ್ಚಿದ ರಾತ್ರಿ ಓಲೆಗರಿ ಹುಡುಕಿ ಓದೋಕೆ ಸಮಯ ಎಲ್ಲಿರುತ್ತೆ? ಬಾಯಲ್ಲಿ ನಿಂತ ಪದ್ಯ ಥಟ್ಟನೆ ನೆನಪಾಗುತ್ತೆ. ರೂಪ ಹುಟ್ಟೋದು ಬಳಸುವವನ ಅಗತ್ಯದಿಂದ. (ಇವತ್ತು ಹಾವು ಕಚ್ಚಿದರೆ ಪದ್ಯವೂ ಬೇಡ, ಮಂತ್ರವೂ ಬೇಡ, ನೇರ ಆಸ್ಪತ್ರೆ.)

ಉರ್ದುವಿನಲ್ಲಿ ವೈದ್ಯ

ಈಗ ಹೈದರಾಬಾದಿಗೆ ಬರೋಣ. 1846ರಲ್ಲಿ ಡಾ. ವಿಲಿಯಂ ಕ್ಯಾಂಪ್‌ಬೆಲ್ ಮೆಕ್ಲೀನ್ ಅವರ ಕೈಯಲ್ಲಿ ಇಲ್ಲಿ ವೈದ್ಯಕೀಯ ಶಾಲೆ ಶುರುವಾಯ್ತು. ಕಲಿಸಿದ್ದು ಪಾಶ್ಚಾತ್ಯ ವೈದ್ಯ, ಭಾಷೆ ಉರ್ದು. 1880ರ ದಶಕದಲ್ಲಿ ಇಂಗ್ಲಿಷ್ ಬಂತು. ಆಮೇಲೆ 1918ರಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಭಾರತದ ಭಾಷೆಯೊಂದನ್ನ ಬೋಧನಾ ಮಾಧ್ಯಮ ಮಾಡಿಕೊಂಡ ಮೊದಲ ಆಧುನಿಕ ವಿಶ್ವವಿದ್ಯಾಲಯಗಳಲ್ಲಿ ಇದರ ಹೆಸರು ದೊಡ್ಡದು. ಪಠ್ಯಪುಸ್ತಕಕ್ಕಾಗಿ ಹಿಂದಿನ ವರ್ಷವೇ ಭಾಷಾಂತರ ಇಲಾಖೆ ತೆರೆದರು, ಮೌಲ್ವಿ ಅಬ್ದುಲ್ ಹಕ್ ಅದರ ಮುಖ್ಯಸ್ಥರು. ಮುಂದೆ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸಿದರು.

ಅಲ್ಲೂ ಮಜ್ಜಿಗೆ-ಹಾಲಿನ ಜಗಳವೇ. ಪಾರಿಭಾಷಿಕ ಪದಗಳನ್ನ ಅರಬ್ಬಿಯಿಂದ ಕಟ್ಟಬೇಕಾ, ಇಲ್ಲಾ ಜನರ ಬಾಯಲ್ಲಿರುವ ಉರ್ದುವಿನ ಜಾಯಮಾನಕ್ಕೆ ತಕ್ಕಂತೆ ಮಾಡಬೇಕಾ? ವಹೀದುದ್ದೀನ್ ಸಲೀಂ ಎರಡನೇ ಪಕ್ಷ ಹಿಡಿದು, ಪದ ಕಟ್ಟೋದರ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು.

ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಕಲಬುರಗಿ, ಬೀದರ್, ರಾಯಚೂರು ಆಗ ಇದೇ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಇಂಗ್ಲಿಷ್ ಗೋಡೆ ಒಡೆದರೂ ನಮ್ಮ ಮುತ್ತಜ್ಜಿಗೆ ಡಾಕ್ಟರ ಮಾತು ಇನ್ನೊಂದು ಗೋಡೆಯ ಆಚೆಯೇ ಉಳೀತು. 1948ರ ನಂತರ ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು. ಆ ಮೂವತ್ತು ವರ್ಷದ ಶ್ರಮದಿಂದ ನಾನು ಕಲಿಯೋದು ಇದು: ಡಾಕ್ಟರು ಕಲಿಯುವ ಭಾಷೆ ಒಂದು ಪ್ರಶ್ನೆ, ರೋಗಿಗೆ ಹೇಳುವ ಭಾಷೆ ಇನ್ನೊಂದು ಪ್ರಶ್ನೆ. ಮೊದಲನೆಯದು ಬಗೆಹರಿದರೆ ಎರಡನೆಯದು ತಾನಾಗಿ ಬಗೆಹರಿಯಲ್ಲ.

ಎರಡನೆಯದನ್ನ ಕನ್ನಡದಲ್ಲಿ ಕೈಗೆತ್ತಿಕೊಂಡವರಲ್ಲಿ ಡಾ. ಅನುಪಮಾ ನಿರಂಜನ (1934–1991) ಇದ್ದಾರೆ. ಸ್ವತಃ ವೈದ್ಯೆ, ಕಾದಂಬರಿಗಾರ್ತಿ. 'ತಾಯಿ-ಮಗು', 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ' ನಮ್ಮ ಅಮ್ಮಂದಿರ ಕಪಾಟಿನಲ್ಲಿದ್ದವು. 'ಕೇಳು ಕಿಶೋರಿ' ಅನ್ನೋ ಹೆಸರನ್ನೇ ನೋಡಿ. ವಿಷಯಕ್ಕಿಂತ ಮೊದಲು ಕೇಳುವವಳನ್ನ ಕರೀತಾರೆ.

ಹೊಸ ಹಾಳೆ

ಡಾಕ್ಟರನ್ನ ಮತ್ತೆ ಕೇಳಿಕೊಂಡು ಅಪ್ಪನಿಗೆ ಹಾಳೆ ಹೊಸದಾಗಿ ಬರೆದೆ. "ಬೆಳಿಗ್ಗಿ ನಾಷ್ಟಾ ತಟ್ಟಿ ಮುಂದ ಬಂದ ಮ್ಯಾಲೇ ಈ ಗುಳಿಗಿ. ನಾಷ್ಟಾ ಇಲ್ಲಂದ್ರ ಗುಳಿಗಿನೂ ಇಲ್ಲ. ಒಪ್ಪತ್ತು ಇದ್ರ ಹಿಂದಿನ ದಿನಾನೇ ನನಗ ಫೋನ್ ಮಾಡ್ರಿ." ಆಮೇಲೆ ನಾನು ವಿವರಿಸಲಿಲ್ಲ. "ಅಪ್ಪಾ, ಈಗ ನೀವು ನನಗ ಹೇಳ್ರಿ, ಹ್ಯಾಂಗ ತಗೋತೀರಿ?" ಅಂತ ಕೇಳಿದೆ. ರೋಗಿಯ ಬಾಯಿಂದಲೇ ವಾಪಸ್ ಹೇಳಿಸೋ ಈ ಪದ್ಧತಿಯನ್ನ ಈಗ ಆರೋಗ್ಯ ಸಂವಹನದಲ್ಲಿ ಕಲಿಸುತ್ತಾರೆ. ಅಪ್ಪ ಹೇಳ್ತಾ ಹೇಳ್ತಾ ನಡುವೆ ನಿಲ್ಲಿಸಿ, "ಮದುವಿ ಮನಿಗಿ ಹೋದಾಗ ನಾಷ್ಟಾ ತಡ ಆಯ್ತಂದ್ರ?" ಅಂದರು. ನಾನು ಅದನ್ನೂ ಯೋಚಿಸಿರಲಿಲ್ಲ. ಡಾಕ್ಟರಿಗೆ ಇನ್ನೊಂದು ಸಲ ಫೋನ್ ಹಚ್ಚಿ, ಹಾಳೆಗೆ ಒಂದು ಸಾಲು ಸೇರಿಸಿದೆ.

ಈ ವಾರ ಊರಿಗೆ ಫೋನ್ ಮಾಡಿದಾಗ ನೀವೂ ಹೀಗೇ ಒಂದು ಸಲ ಕೇಳಿ ನೋಡಿ.