ಟ್ಯಾಕ್ ಕೋಟ್

ಟ್ಯಾಕ್ ಕೋಟ್ ಎಂಬುದು ಹಳೆಯ ಡಾಂಬರು ಪದರದ ಮೇಲೆ ಹೊಸ ಪದರವನ್ನು ಹಾಸುವ ಮುನ್ನ, ಅವೆರಡೂ ಬೆಸೆದುಕೊಳ್ಳಲೆಂದು ಸಿಂಪಡಿಸುವ ತೆಳುವಾದ ಅಂಟುಲೇಪ. ಬೆಸೆದ ಪದರಗಳು ಒಂದೇ ಹಲಗೆಯಂತೆ ಭಾರ ಹೊರುತ್ತವೆ. ಬೇರ್ಪಟ್ಟರೆ ಪ್ರತಿಯೊಂದೂ ತಾನೇ ಬಾಗಿ ಬೇಗ ಬಿರಿಯುತ್ತದೆ.

ಇದಕ್ಕೆ ಸಾಮಾನ್ಯವಾಗಿ ಬಿಟುಮೆನ್ ಎಮಲ್ಷನ್ ಬಳಸುತ್ತಾರೆ. ಹಾಲಿನಲ್ಲಿ ಕೊಬ್ಬಿನ ಕಣಗಳಿರುವಂತೆ ಇದರಲ್ಲಿ ಬಿಟುಮೆನ್ನಿನ ಸೂಕ್ಷ್ಮ ಹನಿಗಳು ನೀರಿನಲ್ಲಿ ಹರಡಿಕೊಂಡಿರುತ್ತವೆ. ಸಿಂಪಡಿಸುವಾಗ ಕಂದಾಗಿರುವ ಲೇಪ, ಹನಿಗಳು ನೀರಿನಿಂದ ಬೇರ್ಪಟ್ಟು ಒಂದುಗೂಡಿದಂತೆ ಕಪ್ಪಾಗುತ್ತದೆ. ಅಲ್ಲಿಯವರೆಗೆ ಕಾಯುವುದು ಅಗತ್ಯ. ಭಾರತದಲ್ಲಿ ಆರ್‌ಎಸ್-1 ದರ್ಜೆಯ ಎಮಲ್ಷನ್ ಬಳಕೆಯಲ್ಲಿದ್ದು, ಡಾಂಬರು ಮೇಲ್ಮೈಗೆ ಪ್ರತಿ ಚದರ ಮೀಟರಿಗೆ 0.20ರಿಂದ 0.30 ಕಿಲೋಗ್ರಾಂ ಸಾಕು.

ಕಡಿಮೆಯಾದರೆ ಪದರಗಳು ಬೆಸೆಯವು; ಹೆಚ್ಚಾದರೆ ಲೇಪವೇ ಜಾರುಮೈಯಾಗುತ್ತದೆ. ಆಗ ವಾಹನಗಳು ಬ್ರೇಕ್ ಹಾಕುವ, ತಿರುಗುವ ಎಡೆಗಳಲ್ಲಿ ಮೇಲಿನ ಪದರ ಸರಿದು ಅರ್ಧಚಂದ್ರಾಕಾರದ ಬಿರುಕುಗಳು ಮೂಡುತ್ತವೆ. ಗುಡಿಸದೆ ಸಿಂಪಡಿಸಿದರಂತೂ ಲೇಪವು ಧೂಳಿಗೆ ಅಂಟೀತೇ ಹೊರತು ರಸ್ತೆಗಲ್ಲ.