ಎರವಲು ಬಂದೂಕು, ಒಲಿಂಪಿಕ್ ಚಿನ್ನ: ಪಾಯಿಂಟ್ ಟೂ-ಟೂ ರೈಫಲ್‌ನ ಕಥೆ

ಎನ್‌ಸಿಸಿಯಲ್ಲಿ ಇದ್ದವರಿಗೆ ಇದು ಗೊತ್ತಿರುತ್ತೆ. ಕ್ಯಾಂಪ್‌ನಲ್ಲಿ ಒಂದು ದಿನ ಬೆಳಿಗ್ಗೆ ಫೈರಿಂಗ್ ರೇಂಜ್‌ಗೆ ಕರ್ಕೊಂಡು ಹೋಗ್ತಾರೆ. ನೆಲದ ಮೇಲೆ ಮಲಗಿಸಿ, ಕೈಗೆ ಒಂದು .22 ಡೀಲಕ್ಸ್ ರೈಫಲ್ ಕೊಟ್ಟು, ಐದು ಗುಂಡು ಹೊಡಿ ಅಂತಾರೆ. ನನ್ನ ಐದು ಗುಂಡು ಐದು ದಿಕ್ಕಿಗೆ ಹೋಗಿದ್ದವು. "ಬಂದೂಕೇ ಸರಿ ಇಲ್ಲ ಉಸ್ತಾದ್" ಅಂದೆ. ಅವರು ಮಾತಾಡಲಿಲ್ಲ. ಅದೇ ಬಂದೂಕು ತಗೊಂಡು, ಅದೇ ಜಾಗದಲ್ಲಿ ಮಲಗಿ ಐದು ಹೊಡೆದರು. ಐದೂ ತೂತು ಒಂದು ಬೆಂಕಿಪೊಟ್ಟಣ ಇಟ್ಟರೆ ಮುಚ್ಚಿಹೋಗುವಷ್ಟು ಹತ್ತಿರ.

ಹಾಗಂತ ಬಂದೂಕಿನಲ್ಲಿ ವ್ಯತ್ಯಾಸವೇ ಇಲ್ಲ ಅಂತಲ್ಲ. ಇದೆ, ಬಹಳ ಇದೆ. ಟಾರ್ಗೆಟ್ ಶೂಟಿಂಗ್ ಶುರು ಮಾಡಬೇಕು, ಯಾವ ಪಾಯಿಂಟ್ ಟೂ-ಟೂ ತಗೊಳ್ಳಲಿ ಅಂತ ಕೇಳುವವರಿಗೆ ನಾನು ಕಂಪನಿಯ ಹೆಸರು ಹೇಳುವ ಬದಲು ಒಂದು ಕಥೆ ಹೇಳ್ತೀನಿ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1845ರಲ್ಲಿ ಫ್ರಾನ್ಸ್‌ನ ಲೂಯಿ ನಿಕೋಲಾ ಫ್ಲೋಬೆರ್ ಅನ್ನೋ ಬಂದೂಕು ತಯಾರಕ, ಮನೆಯ ಹಜಾರದಲ್ಲೇ ಗುರಿ ಅಭ್ಯಾಸ ಮಾಡಬಹುದಾದ ಪುಟ್ಟ ತೋಟಾ ಮಾಡಿದ. ಅದೇ ದಾರಿಯಲ್ಲಿ 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ .22 ಶಾರ್ಟ್ ತಂದಿತು. 1887ರಲ್ಲಿ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ತಂದಿತು. ಇವತ್ತು ಒಲಿಂಪಿಕ್‌ನಲ್ಲಿ 50 ಮೀಟರ್‌ಗೆ ಹೊಡೆಯೋದು ಇದೇ ತೋಟಾ. ನೂರಾ ಮೂವತ್ತು ವರ್ಷ ದಾಟಿದ ವಸ್ತು, ಇನ್ನೂ ನಿವೃತ್ತಿ ಆಗಿಲ್ಲ!

ಇದಕ್ಕೆ ರಿಮ್‌ಫೈರ್ ಅಂತ ಹೆಸರು ಯಾಕೆ? ತಟ್ಟಿದರೆ ಹೊತ್ತಿಕೊಳ್ಳುವ ಮದ್ದು ತೋಟಾದ ಹಿಂಬದಿಯ ಅಂಚಿನೊಳಗೆ ಇರುತ್ತೆ. ಬಂದೂಕಿನ ಸೂಜಿ ಆ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತೆ. ಅಂಚು ಒಮ್ಮೆ ಜಜ್ಜಿತು ಅಂದ್ರೆ ತೋಟಾ ಕಸಕ್ಕೆ. ದೊಡ್ಡ ರೈಫಲ್‌ನವರು ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬಿ, ತಮ್ಮ ಬಂದೂಕಿಗೆ ಒಗ್ಗುವ ಹಾಗೆ ಅಳತೆ ಹೆಚ್ಚು ಕಡಿಮೆ ಮಾಡ್ಕೋತಾರೆ. ಟೂ-ಟೂನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಫ್ಯಾಕ್ಟರಿ ಏನು ಕೊಡುತ್ತೋ ಅದು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆಮೇಲೆ ಬೋಯರ್ ಯುದ್ಧ ಬಂತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದ ರೈತರ ಗುರಿಯ ಮುಂದೆ ಬ್ರಿಟಿಷ್ ಸೈನಿಕರು ಒದ್ದಾಡಿದರು. ಊರೂರಲ್ಲಿ ಜನ ಗುರಿ ಕಲಿಯಲಿ ಅಂತ ಲಾರ್ಡ್ ರಾಬರ್ಟ್ಸ್ ಪ್ರಚಾರಕ್ಕೆ ಇಳಿದರು. ದೊಡ್ಡ ರೈಫಲ್‌ಗೆ ಜಾಗ ಬೇಕು, ದುಡ್ಡು ಬೇಕು; ಟೂ-ಟೂಗೆ ಒಂದು ಉದ್ದನೆಯ ಕೊಠಡಿ ಸಾಕು. ಹಾಗೆ ಕ್ಲಬ್‌ಗಳು ಹುಟ್ಟಿದವು. ಅಲ್ಲಿ ಬಿಎಸ್‌ಎ ಮಾರ್ಟಿನಿ, ಅಮೆರಿಕದಲ್ಲಿ ವಿಂಚೆಸ್ಟರ್ 52, ಜರ್ಮನಿಯಲ್ಲಿ ಆನ್‌ಶುಟ್ಸ್. ಈ ಆನ್‌ಶುಟ್ಸ್ ಕಂಪನಿ 1856ರಲ್ಲಿ ಶುರುವಾಗಿದ್ದು. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಯನ್ನೇ ಬಿಚ್ಚಿ ಹಾಕಿದರು. 1950ರಲ್ಲಿ ಉಲ್ಮ್ ಊರಿನಲ್ಲಿ ಸೊನ್ನೆಯಿಂದ ಮತ್ತೆ ಕಟ್ಟಿದರು. ಇವತ್ತಿಗೂ ಯಾವುದೇ ದೊಡ್ಡ ಪಂದ್ಯದ ಫೈರಿಂಗ್ ಲೈನ್ ನೋಡಿದರೆ ಆ ಹೆಸರು ಕಾಣುತ್ತೆ.

ಈಗ ಕಥೆಗೆ ಬರೋಣ. 1956, ಮೆಲ್ಬರ್ನ್ ಒಲಿಂಪಿಕ್. 50 ಮೀಟರ್, ಮಲಗಿ ಹೊಡೆಯುವ ಸ್ಪರ್ಧೆ. ಕೆನಡಾದಿಂದ ಇಬ್ಬರು: ಗಿಲ್ಮೋರ್ ಬೋವಾ ಮತ್ತು ಜೆರಾಲ್ಡ್ ವೆಲೆಟ್. ಬೋವಾ ಅವರ ರೈಫಲ್ ಚೆನ್ನಾಗಿ ಹೊಡೀತಿತ್ತು. ಹಾಗಾಗಿ ಇಬ್ಬರೂ ಅದೇ ಒಂದು ರೈಫಲ್ ಹಂಚಿಕೊಳ್ಳೋದು ಅಂತ ತೀರ್ಮಾನ ಆಯ್ತು. ಸ್ವಲ್ಪ ಯೋಚನೆ ಮಾಡಿ: ಒಲಿಂಪಿಕ್ ದಿನ, ಪದಕಕ್ಕೆ ನಿಮ್ಮ ಎದುರಾಳಿ ಆಗಬಹುದಾದವನ ಕೈಗೆ ನಿಮ್ಮ ಬಂದೂಕನ್ನೇ ಕೊಡ್ತೀರಾ? ಬೋವಾ ಕೊಟ್ಟರು. ಅವರದ್ದು 598 ಅಂಕ, ಕಂಚು. ಸೋವಿಯತ್‌ನ ವಾಸಿಲಿ ಬೊರಿಸೊವ್ 599, ಬೆಳ್ಳಿ. ಬೋವಾ ಬಂದೂಕಿನಲ್ಲಿ ವೆಲೆಟ್ ಹೊಡೆದದ್ದು 600ಕ್ಕೆ 600. ಅರವತ್ತು ಗುಂಡು, ಅರವತ್ತೂ ಹತ್ತು.

ವಿಶ್ವದಾಖಲೆ ಅಲ್ವಾ? ಅಲ್ಲ. ರೇಂಜ್ ಅಳೆದಾಗ ಅದು ಒಂದೂವರೆ ಮೀಟರ್ ಕಮ್ಮಿ ಇದೆ ಅಂತ ಗೊತ್ತಾಯ್ತು. 50 ಮೀಟರ್ ಬದಲು ನಲವತ್ತೆಂಟೂವರೆ. ಚಿನ್ನ ಉಳಿಯಿತು, ದಾಖಲೆ ಹೋಯ್ತು. ಶೂಟರ್‌ನ ತಪ್ಪಿಲ್ಲ, ಬಂದೂಕಿನ ತಪ್ಪಿಲ್ಲ, ಟೇಪು ಹಿಡಿದವರ ತಪ್ಪು! ನನಗೆ ಇದನ್ನ ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಇಂಥದ್ದೇ ಇನ್ನೊಂದು, 2004ರದ್ದು. ಅಥೆನ್ಸ್ ಒಲಿಂಪಿಕ್‌ಗೆ ಕೆಲವೇ ತಿಂಗಳು ಮುಂಚೆ ಅಮೆರಿಕದ ಮ್ಯಾಟ್ ಎಮನ್ಸ್ ಅವರ ರೈಫಲ್‌ನ ನಳಿಗೆಯನ್ನು ಯಾರೋ ಬೇಕಂತಲೇ ಹಾಳು ಮಾಡಿದ್ದರು. ಗುಂಡುಗಳು ಚದುರಿ ಹೋಗೋಕೆ ಶುರುವಾದ ಮೇಲೆ ಅವರಿಗೆ ಗೊತ್ತಾಗಿದ್ದು. ಕಾಲೇಜು ದಿನಗಳ ಸಹ ಶೂಟರ್ ಒಬ್ಬರ ರೈಫಲ್ ಎರವಲು ತಗೊಂಡು ಅಥೆನ್ಸ್‌ಗೆ ಹೋದರು, ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಎರಡು ದಿನ ಬಿಟ್ಟು ಮೂರು ಭಂಗಿಗಳ ಫೈನಲ್. ಮುಂದಿದ್ದರು, ಉಳಿದದ್ದು ಒಂದೇ ಗುಂಡು. ಹೊಡೆದರು. ಪಕ್ಕದವನ ಟಾರ್ಗೆಟ್‌ಗೆ! ಸೊನ್ನೆ ಅಂಕ, ಎಂಟನೇ ಸ್ಥಾನ. ಇದಕ್ಕೆ ಯಾವ ಬಂದೂಕು ಏನು ಮಾಡುತ್ತೆ ಹೇಳಿ.

ಈಗಿನ 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್, ಹೆಚ್ಚು ಕಡಿಮೆ ಒಂದು ಅಂಗಿ ಗುಂಡಿಯಷ್ಟು. ಪಂದ್ಯದ ಟೂ-ಟೂ ಗುಂಡು ಶಬ್ದದ ವೇಗಕ್ಕಿಂತ ಸ್ವಲ್ಪ ನಿಧಾನ ಹೋಗುತ್ತೆ. ಬೇಕಂತಲೇ ಹಾಗೆ ಮಾಡಿರ್ತಾರೆ, ಯಾಕಂದ್ರೆ ದಾರಿಯಲ್ಲಿ ಆ ವೇಗದ ಗಡಿ ದಾಟಿ ಕೆಳಗಿಳಿಯುವ ಗುಂಡು ಅಲುಗಾಡುತ್ತೆ. ನಿಧಾನ ಅಂದ್ರೆ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತೆ ಅಂತಲೂ ಅರ್ಥ. ಟ್ರಿಗರ್ ಒತ್ತಿದ ತಕ್ಷಣ ತಲೆ ಎತ್ತಿ ನೋಡಿದರೆ ಗುಂಡಿನ ದಾರಿ ಆಗಲೇ ತಪ್ಪಿರುತ್ತೆ. ಕ್ಯಾಂಪ್‌ನಲ್ಲಿ ನಾನು ಮಾಡಿದ್ದು ಅದನ್ನೇ.

ಮತ್ತೆ ತೋಟಾ. ಒಂದೇ ಕಾರ್ಖಾನೆ, ಒಂದೇ ಹೆಸರಿನ ಡಬ್ಬಿ, ಆದ್ರೆ ಒಂದು ಲಾಟ್ ನಿಮ್ಮ ನಳಿಗೆಯಲ್ಲಿ ಬೆಣ್ಣೆ ಹಾಗೆ, ಇನ್ನೊಂದು ಲಾಟ್ ಚೆಲ್ಲಾಪಿಲ್ಲಿ. ಅದಕ್ಕೇ ದೊಡ್ಡ ಶೂಟರ್‌ಗಳು ರೈಫಲ್ ಹೊತ್ತುಕೊಂಡು ಇಂಗ್ಲೆಂಡಿನ ಈಲಿ, ಜರ್ಮನಿಯಲ್ಲಿರುವ ಲಪುವಾ ಪರೀಕ್ಷಾ ರೇಂಜ್‌ಗಳಿಗೆ ಹೋಗ್ತಾರೆ. ಅಲ್ಲಿ ಬಂದೂಕನ್ನು ಕಬ್ಬಿಣದ ಹಿಡಿಕೆಯಲ್ಲಿ ಬಿಗಿದು, ಲಾಟ್ ಮೇಲೆ ಲಾಟ್ ಹೊಡೆದು, ಯಾವುದರ ತೂತುಗಳು ಹತ್ತಿರ ಹತ್ತಿರ ಬೀಳುತ್ತೋ ಆ ಲಾಟ್‌ನ ಸಾವಿರಾರು ತೋಟಾ ಒಟ್ಟಿಗೆ ಖರೀದಿ ಮಾಡ್ತಾರೆ. ಮದ್ದು ಹೊಂದಿಸಿಕೊಳ್ಳೋಕೆ ಆಗಲ್ಲ ಅಂದೆನಲ್ಲ, ಅದಕ್ಕೆ ಇದೇ ಪರಿಹಾರ. ನಳಿಗೆಗೂ ತೋಟಾಕ್ಕೂ ಜಾತಕ ಕೂಡಬೇಕು!

ನಮ್ಮ ಹತ್ತಿರದ ಹೆಸರು ಸ್ವಪ್ನಿಲ್ ಕುಸಾಳೆ. ಬೆಳಗಾವಿಯಿಂದ ದೂರ ಏನಿಲ್ಲ, ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಊರಿನವರು, ರೈಲ್ವೆ ನೌಕರ. 2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ 50 ಮೀಟರ್ ಮೂರು ಭಂಗಿಗಳಲ್ಲಿ 451.4 ಅಂಕ, ಕಂಚು. ಈ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಪದಕ. ಮಂಡಿಯೂರಿ ಹೊಡೆಯುವಾಗ ಹಿಂದಿದ್ದವರು, ನಿಂತು ಹೊಡೆಯುವ ಸುತ್ತಿನಲ್ಲಿ ಮೇಲೆ ಬಂದರು. ವೆಲೆಟ್ ಗೆದ್ದ ಮಲಗಿ ಹೊಡೆಯುವ ಸ್ಪರ್ಧೆ ಮಾತ್ರ ಈಗ ಒಲಿಂಪಿಕ್‌ನಲ್ಲಿ ಇಲ್ಲ. 2016ರ ರಿಯೊ ಕೂಟವೇ ಕೊನೆ.

ಸರಿ, ನೀವೇನು ಮಾಡಬೇಕು? .22 ಅಂದ್ರೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕು, ದುಡ್ಡೂ ಬೇಕು. ಅವಸರ ಮಾಡಬೇಡಿ. ಮೊದಲು ಒಂದು ರೈಫಲ್ ಕ್ಲಬ್ ಸೇರಿ, ಅಲ್ಲಿನ ಹಳೇ ಟಾರ್ಗೆಟ್ ರೈಫಲ್ ಕೇಳಿ ತಗೊಳ್ಳಿ. ಹಿಂಬದಿ ನಿಮ್ಮ ಭುಜಕ್ಕೆ ಸರಿಯಾಗಿ ಕೂರುತ್ತಾ, ಕತ್ತು ಬಗ್ಗಿಸದೆ ಕಣ್ಣು ಸೈಟ್‌ಗೆ ಸಿಗುತ್ತಾ ನೋಡಿ. ಸಪೋರ್ಟ್ ಮೇಲೆ ಇಟ್ಟು ಮೂರು ನಾಲ್ಕು ಬಗೆ ತೋಟಾದಲ್ಲಿ ಹತ್ತತ್ತು ಹೊಡೆದು ನೋಡಿ. ಟಾರ್ಗೆಟ್ ಹಾಳೆಗಳನ್ನು ಎಸೆಯಬೇಡಿ, ಹಿಂದೆ ತೋಟಾದ ಲಾಟ್ ನಂಬರ್, ತಾರೀಖು ಬರೆದಿಡಿ. ನಾಳೆ ಸ್ವಂತ ರೈಫಲ್ ಕೊಳ್ಳೋಕೆ ಹೋದಾಗ ಅಂಗಡಿಯವನ ಮಾತಿಗಿಂತ ಆ ಹಾಳೆಗಳು ಜಾಸ್ತಿ ಕೆಲಸಕ್ಕೆ ಬರುತ್ತವೆ.