ಅಮಿಲಾಯ್ಡ್ ಪೆಪ್ಟೈಡ್‌ಗಳ ರಾಸಾಯನಿಕ ಸಂಶ್ಲೇಷಣೆ

ಅಮಿಲಾಯ್ಡ್ ಪೆಪ್ಟೈಡ್‌ಗಳ ರಾಸಾಯನಿಕ ಸಂಶ್ಲೇಷಣೆ ಎಂದರೆ ದೇಹದಲ್ಲಿ ಗುಂಪುಗೂಡಿ ತಂತುಗಳಾಗುವ ಪ್ರೋಟೀನ್ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಅಮೈನೋ ಆಮ್ಲಗಳಿಂದ ನಿರ್ಮಿಸುವ ವಿಧಾನ. ಆಲ್ಝೈಮರ್ ಕಾಯಿಲೆಗೆ ಸಂಬಂಧಿಸಿದ ಅಮಿಲಾಯ್ಡ್ ಬೀಟಾ ಇವುಗಳಲ್ಲಿ ಪ್ರಮುಖವಾದುದು. ಪೆಪ್ಟೈಡ್ ಶುದ್ಧವಾಗಿರದಿದ್ದರೆ ಅದರ ಗುಂಪುಗೂಡುವಿಕೆಯನ್ನು ಕುರಿತ ಪ್ರಯೋಗಗಳ ಫಲಿತಾಂಶವನ್ನು ನಂಬಲಾಗದು.

ಹಿನ್ನೆಲೆ

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ರೋಗಿಗಳ ಮಿದುಳಿನ ರಕ್ತನಾಳಗಳಲ್ಲಿ ಸಂಚಯವಾಗಿದ್ದ ಪೆಪ್ಟೈಡನ್ನು ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ 1984ರಲ್ಲಿ ಬೇರ್ಪಡಿಸಿದರು. ಇದರ ಮುಖ್ಯ ರೂಪಗಳಲ್ಲಿ 40 ಅಥವಾ 42 ಅಮೈನೋ ಆಮ್ಲಗಳಿರುತ್ತವೆ. 42 ಆಮ್ಲಗಳ ರೂಪವು ಹೆಚ್ಚು ವೇಗವಾಗಿ ಗುಂಪುಗೂಡುತ್ತದೆ.

ವಿಧಾನ

ಅಮೆರಿಕದ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ಘನಸ್ಥಿತಿ ಸಂಶ್ಲೇಷಣೆಯೇ ಇಂದಿಗೂ ಬಳಕೆಯಲ್ಲಿದೆ. ಇದಕ್ಕಾಗಿ ಅವರಿಗೆ 1984ರ ನೊಬೆಲ್ ಪ್ರಶಸ್ತಿ ದೊರೆಯಿತು. ಮೊದಲ ಅಮೈನೋ ಆಮ್ಲವನ್ನು ರಾಳದ ಸಣ್ಣ ಕಣಗಳಿಗೆ ಬಂಧಿಸಿ, ಉಳಿದವುಗಳನ್ನು ದಾರಕ್ಕೆ ಮಣಿ ಪೋಣಿಸಿದಂತೆ ಒಂದೊಂದಾಗಿ ಸೇರಿಸಲಾಗುತ್ತದೆ. ಒಮ್ಮೆಗೆ ಒಂದೇ ಆಮ್ಲ ಸೇರುವಂತೆ ಅದರ ಒಂದು ತುದಿಯನ್ನು ಎಫ್‌ಮಾಕ್ ಎಂಬ ರಕ್ಷಕ ಗುಂಪಿನಿಂದ ಮುಚ್ಚಿರುತ್ತಾರೆ. ಆಮ್ಲ ಸೇರಿದ ಬಳಿಕ ಪಿಪೆರಿಡಿನ್‌ನಿಂದ ಆ ಗುಂಪನ್ನು ತೆಗೆದು ಮುಂದಿನದನ್ನು ಜೋಡಿಸುತ್ತಾರೆ. ಪ್ರತಿ ಹಂತದಲ್ಲಿಯೂ ಉಳಿಕೆಗಳನ್ನು ದ್ರಾವಕದಿಂದ ತೊಳೆದುಹಾಕಬಹುದು. ಕೊನೆಯಲ್ಲಿ ಟ್ರೈಫ್ಲೋರೋ ಅಸಿಟಿಕ್ ಆಮ್ಲವು ಪೆಪ್ಟೈಡನ್ನು ರಾಳದಿಂದ ಬಿಡಿಸುತ್ತದೆ.

ತೊಡಕುಗಳು

42 ಆಮ್ಲಗಳ ಸರಪಳಿಗೆ 41 ಜೋಡಣೆಗಳು ಬೇಕು. ಪ್ರತಿ ಜೋಡಣೆಯೂ ಶೇ. 99ರಷ್ಟು ಯಶಸ್ವಿಯಾದರೂ ಕೊನೆಗೆ ಪೂರ್ಣ ಸರಪಳಿ ಸುಮಾರು ಶೇ. 66 ಮಾತ್ರ, ಶೇ. 98ಕ್ಕೆ ಇಳಿದರೆ ಸುಮಾರು ಶೇ. 44. ರೋಗದಲ್ಲಿ ತಂತುಗಳನ್ನು ಹುಟ್ಟಿಸುವ ಅದೇ ಗುಣದಿಂದ ಬೆಳೆಯುತ್ತಿರುವ ಸರಪಳಿಗಳು ರಾಳದ ಮೇಲೆಯೇ ಪರಸ್ಪರ ಅಂಟಿಕೊಂಡು ಮುಂದಿನ ಜೋಡಣೆಗೆ ಅಡ್ಡಿಯಾಗುತ್ತವೆ. 35ನೆಯ ಸ್ಥಾನದ ಮೆಥಿಯೋನಿನ್ ಸುಲಭವಾಗಿ ಉತ್ಕರ್ಷಣಗೊಂಡು ಗುಂಪುಗೂಡುವಿಕೆಯ ರೀತಿಯನ್ನೇ ಬದಲಿಸುತ್ತದೆ. ಆದುದರಿಂದ ಪೆಪ್ಟೈಡನ್ನು ಎಚ್‌ಪಿಎಲ್‌ಸಿ ವಿಧಾನದಿಂದ ಶುದ್ಧೀಕರಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅದರ ದ್ರವ್ಯರಾಶಿಯನ್ನು ಪರೀಕ್ಷಿಸುತ್ತಾರೆ.

ಗುಂಪುಗೂಡುವಿಕೆಯ ಅಧ್ಯಯನ

ಪ್ರಯೋಗಕ್ಕೆ ಮುನ್ನ ಪೆಪ್ಟೈಡನ್ನು ಹೆಕ್ಸಾಫ್ಲೋರೋ ಐಸೊಪ್ರೊಪನಾಲ್‌ನಲ್ಲಿ ಕರಗಿಸಿ, ಮೊದಲೇ ಉಂಟಾಗಿರುವ ಗುಂಪುಗಳನ್ನು ಬಿಡಿಸುವುದು ವಾಡಿಕೆ. ಅಳಿದುಳಿದ ಗುಂಪುಗಳು ಮೊಸರಿನ ಹೆಪ್ಪಿನಂತೆ ವರ್ತಿಸಿ ಉಳಿದ ಅಣುಗಳನ್ನೂ ಬೇಗನೆ ಸೆಳೆದುಕೊಳ್ಳುತ್ತವೆ. ತಂತುಗಳು ಬೆಳೆಯುವುದನ್ನು ಥಯೋಫ್ಲೇವಿನ್ ಟಿ ಬಣ್ಣದ ಹೊಳಪಿನಿಂದ ಅಳೆಯುತ್ತಾರೆ. ಅವುಗಳ ಆಕಾರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಸರಪಳಿಯ 16ರಿಂದ 20ನೆಯ ಸ್ಥಾನದವರೆಗಿನ ಐದು ಆಮ್ಲಗಳಷ್ಟೇ ಇರುವ ಕಿರು ಪೆಪ್ಟೈಡ್ ಅಮಿಲಾಯ್ಡ್ ಬೀಟಾಕ್ಕೆ ಅಂಟಿಕೊಂಡು ತಂತುಗಳಾಗುವುದನ್ನು ತಡೆಯಬಲ್ಲುದೆಂದು 1996ರಲ್ಲಿ ತಿಳಿದುಬಂದಿತು.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರು ಪೆಪ್ಟೈಡ್‌ಗಳ ವಿನ್ಯಾಸ ಮತ್ತು ರಚನೆಯನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡವು ಮೇಲಿನ ಐದು ಆಮ್ಲಗಳ ಸರಣಿಯನ್ನು ಆಧರಿಸಿ, ಪೆಪ್ಟೈಡ್ ಮತ್ತು ಪೆಪ್ಟಾಯ್ಡ್ ಘಟಕಗಳೆರಡೂ ಸೇರಿದ ಮಿಶ್ರ ಅಣುಗಳನ್ನು ಸಂಶ್ಲೇಷಿಸಿದೆ. ಸಾಮಾನ್ಯ ಪೆಪ್ಟೈಡನ್ನು ದೇಹದ ಕಿಣ್ವಗಳು ಬೇಗನೆ ಕತ್ತರಿಸಿಬಿಡುತ್ತವೆ. ಪೆಪ್ಟಾಯ್ಡ್ ಘಟಕಗಳು ಅದಕ್ಕೆ ತಡೆಯೊಡ್ಡುತ್ತವೆ.